ದೀಪ ಯಾರ ಕಡೆಗೆ ತಿರುಗಿದೆ?

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳಲ್ಲಿ ಕಳೆದ ಹದಿನೈದು-ಇಪ್ಪತ್ತು ವರ್ಷಗಳಿಂದ ಮನೆಗಳ ಮುಖವೇ ಬದಲಾಗುತ್ತಿದೆ. ಮಣ್ಣಿನ ಮಾಳಿಗೆ ಮನೆಗಳು, ಹಂಚಿನ ಮನೆಗಳು ಒಂದೊಂದಾಗಿ ಇಳಿದು ಆರ್‌ಸಿಸಿ ಮನೆಗಳು ಏಳುತ್ತಿವೆ. ಕಟ್ಟಿಸಿದವರು ಕೊಲ್ಲಿಯಲ್ಲಿ ದುಡಿದು ಬಂದವರಿರಬಹುದು, ಗೋವಿನಜೋಳದ ವ್ಯಾಪಾರಸ್ಥರಿರಬಹುದು, ಸರಕಾರಿ ಶಾಲೆಯ ಶಿಕ್ಷಕರಿರಬಹುದು. ಇಂಥ ಮನೆಗಳ ಪಡಸಾಲೆಯಲ್ಲಿ ಈಗ ಹೊಸದೊಂದು ವಸ್ತು ಕಾಣಿಸಿಕೊಳ್ಳುತ್ತಿದೆ. ಗೋಡೆಗೆ ಬಿಗಿದ ತೆಳ್ಳನೆಯ ಲೋಹದ ತೋಳು, ಅದರ ತುದಿಗೆ ಕಪ್ಪು ಅಥವಾ ಬಿಳಿ ಬಣ್ಣದ ಪುಟ್ಟ ಟೋಪಿ, ನಡುವೆ ಒಂದೋ ಎರಡೋ ಕೀಲು. ಮೇಲಕ್ಕೆತ್ತಬಹುದು, ಕೆಳಗಿಳಿಸಬಹುದು, ಬೇಕಾದ ಕಡೆ ತಿರುಗಿಸಬಹುದು. ಡಬ್ಬಿಯ ಮೇಲೆ ‘ಸ್ಕ್ಯಾಂಡಿನೇವಿಯನ್ ಸ್ಟೈಲ್’ ಎಂದು ಅಚ್ಚಾಗಿರುತ್ತದೆ. ಹುಬ್ಬಳ್ಳಿಯ ಅಂಗಡಿಯಿಂದ ಬಂದಿರುತ್ತದೆ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿದ್ದಾಗಿರುತ್ತದೆ.

ಮನೆಯ ಹಿರಿಯರು ಅದನ್ನು ನೋಡಿ ‘ಇದ್ಯಾಕ ಬೇಕಿತ್ತಪಾ?’ ಎನ್ನುತ್ತಾರೆ. ಕಿರಿಯರು ‘ಚಂದ ಕಾಣಸ್ತೈತಿ, ಇರ್ಲಿ ಬಿಡ್ರಿ’ ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಈ ಎರಡು ಮಾತುಗಳ ನಡುವೆ ಮನುಷ್ಯನಷ್ಟೇ ಹಳೆಯದಾದ ಒಂದು ನೈತಿಕ ಪ್ರಶ್ನೆ ಇದೆ. ಅಗತ್ಯ ಎಲ್ಲಿ ಮುಗಿಯುತ್ತದೆ? ಅಲಂಕಾರ ಎಲ್ಲಿ ಆರಂಭವಾಗುತ್ತದೆ? ಅಲಂಕಾರ ಯಾವ ಗೆರೆ ದಾಟಿದಾಗ ದುಂದುವೆಚ್ಚವಾಗುತ್ತದೆ? ಸೌಂದರ್ಯವನ್ನು ಬಯಸುವುದು ತಪ್ಪೇ?

ಈ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಬೆಲೆಯ ಲೆಕ್ಕದಲ್ಲಿ ಉತ್ತರ ಹುಡುಕುತ್ತೇವೆ. ಅಗ್ಗದ್ದಾದರೆ ಸರಿ, ದುಬಾರಿಯಾದರೆ ತಪ್ಪು ಎನ್ನುತ್ತೇವೆ. ಆದರೆ ದೀಪದ ವಿಷಯದಲ್ಲಿ ಬೆಲೆಗಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ: ಅದರ ಬೆಳಕು ಯಾರ ಮೇಲೆ ಬೀಳುತ್ತದೆ?

ಮೊದಲು ಈ ದೀಪದ ತವರನ್ನು ನೋಡೋಣ. ಹಾವೇರಿ ಜಿಲ್ಲೆಯಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ 11 ತಾಸಿಗಿಂತ ಹೆಚ್ಚಿರುತ್ತದೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 6 ತಾಸು ಮಾತ್ರ. ನಾರ್ವೆಯ ಉತ್ತರ ತುದಿಯ ಟ್ರೊಮ್ಸೊ ನಗರದಲ್ಲಿ ನವೆಂಬರ್ ಕೊನೆಯಿಂದ ಜನವರಿಯ ನಡುಭಾಗದವರೆಗೆ ಸೂರ್ಯ ಮೂಡುವುದೇ ಇಲ್ಲ. ಅಂಥ ನಾಡಿನಲ್ಲಿ ದೀಪ ಅನ್ನದಷ್ಟೇ ಅಗತ್ಯ. ಅಲ್ಲಿನವರು ದೀಪದ ಬಗ್ಗೆ ಅಷ್ಟೊಂದು ಯೋಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಡೆನ್ಮಾರ್ಕಿನ ಪೌಲ್ ಹೆನಿಂಗ್ಸನ್ (1894-1967) ಹಾಗೆ ಯೋಚಿಸಿದವರಲ್ಲಿ ಪ್ರಮುಖರು. ಎಣ್ಣೆ ದೀಪದ ಮೃದುವಾದ ಬೆಳಕಿನಲ್ಲಿ ಬೆಳೆದ ಅವರಿಗೆ ಹೊಸದಾಗಿ ಬಂದ ವಿದ್ಯುತ್ ಬಲ್ಬಿನ ಕಣ್ಣು ಕುಕ್ಕುವ ಬೆಳಕು ಒಗ್ಗಲಿಲ್ಲ. ಕುಳಿತವನ ಕಣ್ಣಿಗೆ ಬಲ್ಬು ನೇರವಾಗಿ ಕಾಣಬಾರದು, ಬೆಳಕು ಮಾತ್ರ ಬೇಕಾದಲ್ಲಿಗೆ ತಲುಪಬೇಕು ಎಂಬ ಲೆಕ್ಕಾಚಾರದಲ್ಲಿ ಅವರು ಒಂದರ ಮೇಲೊಂದು ಮೂರು ಮರೆಗಳಿರುವ ದೀಪವನ್ನು 1926ರ ಹೊತ್ತಿಗೆ ರೂಪಿಸಿದರು. ಇದನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಒಳ್ಳೆಯ ದೀಪ ತನ್ನನ್ನು ತಾನು ತೋರಿಸಿಕೊಳ್ಳುವುದಿಲ್ಲ, ಬೇರೆಯದನ್ನು ತೋರಿಸುತ್ತದೆ.

ಕೀಲಿನಲ್ಲಿ ಬಾಗುವ ದೀಪದ ಕಥೆಯೂ ಹೀಗೆಯೇ ಇದೆ. ಇಂಗ್ಲೆಂಡಿನ ಜಾರ್ಜ್ ಕಾರ್ವರ್ಡೈನ್ ಎಂಬ ಎಂಜಿನಿಯರ್ 1930ರ ದಶಕದ ಆರಂಭದಲ್ಲಿ ಸ್ಪ್ರಿಂಗ್‌ಗಳ ಸಮತೋಲನದಿಂದ ನಿಲ್ಲಿಸಿದಲ್ಲಿ ನಿಲ್ಲುವ ದೀಪದ ತೋಳನ್ನು ಕಂಡುಹಿಡಿದರು. ಜವಳಿ ಯಂತ್ರಗಳ ವ್ಯಾಪಾರದಲ್ಲಿದ್ದ ನಾರ್ವೆಯ ಯಾಕೋಬ್ ಯಾಕೋಬ್ಸನ್ ಅದರ ಹಕ್ಕು ಪಡೆದು 1937ರಲ್ಲಿ ‘ಲುಕ್ಸೊ’ ದೀಪವನ್ನು ತಂದರು. ಪಿಕ್ಸಾರ್ ಕಂಪನಿಯ ಸಿನಿಮಾಗಳ ಆರಂಭದಲ್ಲಿ ಕುಪ್ಪಳಿಸುತ್ತ ಬರುವ ದೀಪವನ್ನು ನಮ್ಮ ಮಕ್ಕಳು ನೋಡಿದ್ದಾರಲ್ಲ, ಅದರ ಮಾದರಿ ಇದೇ. ಕೆಲಸ ಮಾಡುವವನ ಕೈ ಇರುವಲ್ಲಿಗೆ ಬೆಳಕು ಬರಲಿ ಎಂಬುದು ಇದರ ಉದ್ದೇಶ. ಆಲಂಕಾರಿಕ ಪೀಠೋಪಕರಣಗಳಲ್ಲಿ ಇದಕ್ಕೆ ಜಾಗ ಸಿಕ್ಕಿದ್ದು ನಂತರದ ಮಾತು.

ಈ ಸರಳ ಶೈಲಿಯ ಹಿಂದೆ ಒಂದು ಸಾಮಾಜಿಕ ವಿಚಾರವೂ ಇತ್ತು. ಸ್ವೀಡನ್ನಿನ ಲೇಖಕಿ ಎಲೆನ್ ಕೇ 1899ರಲ್ಲಿ ‘ಎಲ್ಲರಿಗೂ ಸೌಂದರ್ಯ’ ಎಂಬ ಅರ್ಥದ ಶೀರ್ಷಿಕೆಯ ಕೃತಿ ಪ್ರಕಟಿಸಿದರು. ಸೌಂದರ್ಯ ಶ್ರೀಮಂತರ ಸ್ವತ್ತಲ್ಲ, ಬಡವನ ಮನೆಯ ಚಮಚ, ಕುರ್ಚಿ, ದೀಪ ಕೂಡ ಚೆಂದವಾಗಿರಬೇಕು, ಉಪಯುಕ್ತವಾದ ವಸ್ತುವೇ ಸುಂದರ ವಸ್ತು ಎಂಬ ಚಿಂತನೆ ಅದು. ಸಿರಿವಂತಿಕೆಯ ಭಾರದ ಅಲಂಕಾರಕ್ಕೆ ಎದುರಾಗಿ ಹುಟ್ಟಿದ ಸರಳತೆ. ಹೀಗಿರುವಾಗ, ತೋರಿಕೆಯ ವಿರುದ್ಧ ಹುಟ್ಟಿದ ದೀಪವೇ ಇಂದು ಎಷ್ಟೋ ಕಡೆ ತೋರಿಕೆಯ ವಸ್ತುವಾಗಿ ನೇತಾಡುತ್ತಿರುವುದು ವಿಪರ್ಯಾಸವಲ್ಲವೇ? ಸರಳತೆಯನ್ನೂ ಪ್ರದರ್ಶಿಸಬಹುದು ಎಂಬುದನ್ನು ನಮ್ಮ ಕಾಲ ಚೆನ್ನಾಗಿ ಕಲಿತಿದೆ.

ಇನ್ನು ನಮ್ಮ ಗೋಡೆಗಳ ಕಡೆಗೆ ಬರೋಣ. ಗೋಡೆ ದೀಪ ನಮಗೆ ಹೊಸದೇನಲ್ಲ. ಹಳೆಯ ಮಣ್ಣಿನ ಗೋಡೆಯಲ್ಲಿ ದೀಪಕ್ಕೆಂದೇ ಬಿಟ್ಟ ಗೂಡು ಇರುತ್ತಿತ್ತು. ನಮ್ಮ ಕಡೆ ಅದಕ್ಕೆ ‘ಮಾಡ’ ಎನ್ನುತ್ತಾರೆ, ಮುಸ್ಲಿಮರ ಮನೆಗಳಲ್ಲಿ ‘ತಾಖ್’ ಎನ್ನುತ್ತಾರೆ. ಅದರಲ್ಲಿ ಹಣತೆ, ಆಮೇಲೆ ಚಿಮಣಿ, ಆಮೇಲೆ ಕಂದೀಲು ಕುಳಿತವು. ಗಾಳಿಗೆ ದೀಪ ಆರದಂತೆ ಮಾಡ ಕಾಯುತ್ತಿತ್ತು. ಅದರ ಮೂರೂ ಬದಿಗೆ ಬಡಿದ ಬೆಳಕು ಚದುರಿಹೋಗದೆ ಒಂದೇ ಕಡೆ ಮನೆಯೊಳಕ್ಕೆ ಬರುತ್ತಿತ್ತು. ಹೆನಿಂಗ್ಸನ್ ಮೂರು ಮರೆಗಳಿಂದ ಮಾಡಿದ ಕೆಲಸದ ಒಂದಂಶವನ್ನು ನಮ್ಮ ಗೋಡೆ ಕಟ್ಟುವವರು ಒಂದು ಗೂಡಿನಿಂದ ಮಾಡಿದ್ದರು.

ಪವಿತ್ರ ಕುರ್‌ಆನಿನ 24ನೇ ಅಧ್ಯಾಯದ ಹೆಸರೇ ‘ಅನ್ನೂರ್’, ಅಂದರೆ ಪ್ರಕಾಶ. ಅದರ 35ನೇ ವಚನದಲ್ಲಿ ಅಲ್ಲಾಹನ ಪ್ರಕಾಶಕ್ಕೆ ಕೊಟ್ಟಿರುವ ಉಪಮೆ ಈ ಮಾಡದ್ದೇ: ಗೋಡೆಯ ಗೂಡು, ಗೂಡಿನೊಳಗೊಂದು ದೀಪ, ದೀಪಕ್ಕೊಂದು ಗಾಜು, ಅದಕ್ಕೆ ಶುದ್ಧವಾದ ಆಲಿವ್ ಎಣ್ಣೆ. ಆಕಾಶ ಭೂಮಿಗಳ ಬೆಳಕನ್ನು ವಿವರಿಸಲು ಅರಮನೆಯ ದೀಪಮಾಲೆಯ ಉಪಮೆ ಬರಲಿಲ್ಲ, ಯಾರ ಮನೆಯಲ್ಲೂ ಇರಬಹುದಾದ ಗೋಡೆಯ ಗೂಡಿನ ಉಪಮೆ ಬಂತು. ಈ ಆಯ್ಕೆಯ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಬೇಕು.

ಹಾಗೆಂದು ದೀಪ ಚೆಂದವಾಗಿರಬಾರದು ಎಂದು ಇಸ್ಲಾಂ ಹೇಳಿತೇ? ಇಲ್ಲ. ತಿನ್ನಲು ಕುಡಿಯಲು ಅನುಮತಿ ಕೊಟ್ಟು, ಮಿತಿ ಮೀರಬೇಡಿ ಎಂದು ಎಚ್ಚರಿಸುವ ಮಾತು ಕುರ್‌ಆನಿನ 7ನೇ ಅಧ್ಯಾಯದ 31ನೇ ವಚನದಲ್ಲಿದೆ. ಅದರ ಮರುವಚನವೇ, ಅಲ್ಲಾಹನು ತನ್ನ ದಾಸರಿಗಾಗಿ ಒದಗಿಸಿದ ಅಲಂಕಾರವನ್ನು ನಿಷೇಧಿಸಿದವರು ಯಾರು ಎಂದು ಪ್ರಶ್ನಿಸುತ್ತದೆ. ಎರಡೂ ವಚನಗಳು ಒಟ್ಟಿಗೇ ಇವೆ. ಒಂದನ್ನು ಓದಿ ಇನ್ನೊಂದನ್ನು ಬಿಡುವಂತಿಲ್ಲ. ತನ್ನ ಬಟ್ಟೆ, ಪಾದರಕ್ಷೆ ಚೆನ್ನಾಗಿರಲಿ ಎಂದು ಬಯಸುವುದು ಅಹಂಕಾರವೇ ಎಂದು ಒಬ್ಬರು ಕೇಳಿದಾಗ, ಪ್ರವಾದಿ ಮುಹಮ್ಮದ್(ಸ)ರು ಅಲ್ಲಾಹನು ಸುಂದರನು, ಸೌಂದರ್ಯವನ್ನು ಪ್ರೀತಿಸುವವನು ಎಂದು ತಿಳಿಸಿದರು. ಸತ್ಯವನ್ನು ತಿರಸ್ಕರಿಸುವುದು, ಜನರನ್ನು ಕೀಳಾಗಿ ಕಾಣುವುದು ಅಹಂಕಾರ ಎಂದು ವಿವರಿಸಿದರು. ಅಂದರೆ ವಸ್ತುವಿನ ಚೆಲುವಿನಲ್ಲಿ ಅಹಂಕಾರ ಇಲ್ಲ. ಆ ವಸ್ತುವಿನ ಬಳಿ ನಿಂತು ನಾವು ಇತರರನ್ನು ನೋಡುವ ನೋಟದಲ್ಲಿ ಅದು ಇರಬಹುದು.

ಮುಸ್ಲಿಮ್ ಕುಶಲಕರ್ಮಿಗಳು ಈ ಅನುಮತಿಯನ್ನು ಚೆನ್ನಾಗಿಯೇ ಬಳಸಿಕೊಂಡರು. 14ನೇ ಶತಮಾನದ ಮಮ್ಲೂಕರ ಕಾಲದಲ್ಲಿ ಈಜಿಪ್ಟ್ ಮತ್ತು ಸಿರಿಯಾಗಳ ಮಸೀದಿಗಳಿಗಾಗಿ ಬಣ್ಣದ ಕುಸುರಿಯ ಗಾಜಿನ ದೀಪಗಳನ್ನು ಮಾಡಿದರು. ಅವುಗಳಲ್ಲಿ ಎಷ್ಟೋ ದೀಪಗಳ ಕುತ್ತಿಗೆಯ ಸುತ್ತ ಅದೇ ‘ಅನ್ನೂರ್’ ಅಧ್ಯಾಯದ ವಚನವನ್ನು ಬರೆದರು. ಒಳಗೆ ದೀಪ ಹೊತ್ತಿದಾಗ ಅಕ್ಷರಗಳು ಬೆಳಗುತ್ತಿದ್ದವು. ಹಾನಗಲ್ಲಿನ ತಾರಕೇಶ್ವರ ದೇವಸ್ಥಾನದ ಮಂಟಪದ ಛತ್ತಿನಲ್ಲಿ ಅರಳಿ ನಿಂತಿರುವ ಕಲ್ಲಿನ ಕಮಲವನ್ನು ನೋಡಿದವರು, ಇಷ್ಟು ಕೆಲಸ ಏಕೆ ಬೇಕಿತ್ತು ಎಂದು ಕೇಳುವುದಿಲ್ಲ. ನೋಡಬಂದ ಎಲ್ಲರಿಗೂ ಅದು ಒಂದೇ ರೀತಿ ಕಾಣುತ್ತದೆ. ಸಾರ್ವಜನಿಕ ಸೌಂದರ್ಯದ ದೊಡ್ಡಗುಣವೇ ಅದು.

ಹೀಗಾಗಿ, ‘ಹಳ್ಳಿಯ ಮನೆಗೆ ಇಷ್ಟೆಲ್ಲ ಚೆಂದದ ದೀಪ ಯಾಕೆ’ ಎಂದು ಮೂಗು ಮುರಿಯುವುದನ್ನು ನಾನು ಒಪ್ಪಲಾರೆ. ಆ ಮಾತಿನಲ್ಲಿ ವಿರಕ್ತಿಗಿಂತ ತಾತ್ಸಾರವೇ ಹೆಚ್ಚು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಭಿರುಚಿ ಎನಿಸಿಕೊಳ್ಳುವ ದೀಪ ಹಿರೇಕೆರೂರಿನ ಮನೆಯಲ್ಲಿ ಆಡಂಬರ ಹೇಗಾಗುತ್ತದೆ? ಬಡವ ಮತ್ತು ಹಳ್ಳಿಗ ಕೇವಲ ಅಗತ್ಯದಲ್ಲಿ ಬದುಕಬೇಕು, ಸೌಂದರ್ಯ ಉಳಿದವರ ಪಾಲು ಎಂದು ಹಂಚಿಕೊಟ್ಟವರು ಯಾರು?

ಆದರೆ ಇಲ್ಲಿಗೆ ಮಾತು ಮುಗಿಯುವುದಿಲ್ಲ. ಅನುಮತಿ ಇದೆ ಎಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ.

ಪ್ರವಾದಿವರ್ಯರ(ಸ) ಮನೆಯ ಒಂದು ಚಿತ್ರವನ್ನು ಹಝ್ರತ್ ಆಇಶಾ(ರ) ಕೊಟ್ಟಿದ್ದಾರೆ. ರಾತ್ರಿಯ ನಮಾಝಿನಲ್ಲಿ ಪ್ರವಾದಿವರ್ಯರು(ಸ) ಸಾಷ್ಟಾಂಗಕ್ಕೆ ಬಾಗುವಾಗ, ಆ ಕಿರಿದಾದ ಕೋಣೆಯಲ್ಲಿ ಮಲಗಿದ್ದ ಅವರು ಕಾಲು ಮಡಚಿಕೊಳ್ಳುತ್ತಿದ್ದರು. ಆ ದಿನಗಳಲ್ಲಿ ಮನೆಗಳಲ್ಲಿ ದೀಪಗಳಿರಲಿಲ್ಲ ಎಂದು ಅವರು ಸೇರಿಸುತ್ತಾರೆ. ಇದು ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿ ಬಂದಿರುವ ವರದಿ. ಇದನ್ನು ಓದಿ ಕತ್ತಲೆಯೇ ಪುಣ್ಯ ಎಂದು ತಿಳಿಯಬೇಕಾಗಿಲ್ಲ. ದೀಪವೊಂದು ಅನುಗ್ರಹ, ಅದು ಇಲ್ಲದೆಯೂ ಲೋಕಕ್ಕೆ ದಾರಿ ತೋರಿದವರಿದ್ದರು ಎಂಬುದು ನೆನಪಿದ್ದರೆ ಸಾಕು. ಆ ಕತ್ತಲೆಯಲ್ಲೂ ಒಬ್ಬರ ಅನುಕೂಲಕ್ಕಾಗಿ ಇನ್ನೊಬ್ಬರು ಕಾಲು ಮಡಚಿಕೊಂಡರು ಎಂಬುದನ್ನು ಗಮನಿಸಿದರೆ ಇನ್ನೂ ಒಳ್ಳೆಯದು.

ನಮ್ಮ ಬಡ ಮನೆಗಳಿಗೂ ಇಂಥ ಒಂದು ದೀಪದ ನೀತಿ ಗೊತ್ತಿತ್ತು. ‘ಭಾಗ್ಯಜ್ಯೋತಿ’ ಯೋಜನೆಯಲ್ಲಿ ಒಂದು ಮನೆಗೆ ಒಂದೇ ಬಲ್ಬಿನ ಸಂಪರ್ಕ ಸಿಗುತ್ತಿದ್ದ ಕಾಲ. ಆ ಒಂದು ಬಲ್ಬನ್ನು ಎಲ್ಲಿ ಹಾಕುವುದು? ಎಷ್ಟೋ ಮನೆಗಳಲ್ಲಿ ಅಡುಗೆಮನೆ ಮತ್ತು ಪಡಸಾಲೆಯ ನಡುವಿನ ಗೋಡೆಯನ್ನು ಒಂದಿಷ್ಟು ಒಡೆದು ಕಿಂಡಿ ಮಾಡಿ, ಅದರಲ್ಲಿ ಬಲ್ಬು ತೂಗುಹಾಕುತ್ತಿದ್ದರು. ಅರ್ಧ ಬೆಳಕು ರೊಟ್ಟಿ ಬಡಿಯುವವಳಿಗೆ, ಅರ್ಧ ಬೆಳಕು ಓದುವ ಹುಡುಗನಿಗೆ. ಆ ಮನೆಗಳಿಗೆ ಡಿಸೈನರ್ ಯಾರೂ ಇರಲಿಲ್ಲ. ಆದರೂ ಬೆಳಕು ಯಾರಿಗೆ ಬೇಕು ಎಂದು ಮೊದಲು ಕೇಳಿ, ಆಮೇಲೆ ಗೋಡೆಗೆ ಕೈ ಹಾಕಿದರು.

ಈಗಿನ ಹೊಸ ಮನೆಯಲ್ಲಿ ಆ ಪ್ರಶ್ನೆ ಕೇಳಿಬರುತ್ತಿದೆಯೇ? ಪಡಸಾಲೆಯ ಫಾಲ್ಸ್ ಸೀಲಿಂಗಿನಲ್ಲಿ ಹತ್ತಾರು ದೀಪಗಳು, ಟೀವಿಯ ಹಿಂದೆ ಬಣ್ಣ ಬದಲಿಸುವ ಪಟ್ಟಿ, ಸೋಫಾದ ಮೇಲೆ ಈ ಬಾಗುವ ಗೋಡೆ ದೀಪ. ಒಳಗೆ ಅಡುಗೆಮನೆಗೆ ಹೋದರೆ ಛತ್ತಿನ ನಡುವೆ ಒಂದೇ ಬಲ್ಬು. ಕಟ್ಟೆ ಗೋಡೆಯ ಬದಿಗಿರುತ್ತದೆ, ಬಲ್ಬು ಅವಳ ಬೆನ್ನ ಹಿಂದೆ. ಉಳ್ಳಾಗಡ್ಡಿ ಹೆಚ್ಚುವವಳ ನೆರಳು ಅವಳ ಈಳಿಗೆಯ ಮೇಲೆಯೇ ಬೀಳುತ್ತದೆ. ಮುಂಜಾನೆ ಐದಕ್ಕೆದ್ದು ರಾತ್ರಿ ಹತ್ತರವರೆಗೆ ಆ ನೆರಳಿನಲ್ಲೇ ಅವಳ ಕೆಲಸ. ಹಗಲು ಖಾಲಿ ಇರುವ, ವಾರಕ್ಕೊಮ್ಮೆ ಬೀಗರು ಬಂದಾಗ ತುಂಬುವ ಪಡಸಾಲೆಗೆ ಮಾತ್ರ ಡೆನ್ಮಾರ್ಕಿನ ಬೆಳಕು. ಮನೆಯ ಬೆಳಕನ್ನು ಹಂಚಿದ ರೀತಿಯಲ್ಲಿಯೇ ಆ ಮನೆಯಲ್ಲಿ ಯಾರ ಕೆಲಸಕ್ಕೆ ಎಷ್ಟು ಬೆಲೆ ಎಂಬುದು ಬರೆದಿರುತ್ತದೆ. ಓದಬಲ್ಲವರು ಓದಿಕೊಳ್ಳಬಹುದು.

ಕೈಯಿರುವಲ್ಲಿ ಬೆಳಕು ಬೇಕು ಎಂಬುದು ಗೊತ್ತಿರುವ ಜನ ನಮ್ಮ ಊರುಗಳಲ್ಲೇ ಇದ್ದಾರೆ. ಪೇಟೆಯ ದರ್ಜಿಯ ಮಷೀನಿಗೆ ಅಂಟಿಕೊಂಡ ಬಾಗುವ ಕುತ್ತಿಗೆಯ ಪುಟ್ಟ ದೀಪ, ಗಡಿಯಾರ ದುರಸ್ತಿ ಮಾಡುವವನ ಮೇಜಿನ ದೀಪ, ಪತ್ತಾರನ ಕುಲುಮೆಯ ಪಕ್ಕದ ದೀಪ ಇವೆಲ್ಲ ಲುಕ್ಸೊ ದೀಪದ ಬಂಧುಗಳೇ. ಸೂಜಿಗೆ ದಾರ ಪೋಣಿಸುವ ಕೈಯ ಕಡೆಗೆ ಅವು ಬಾಗಿರುತ್ತವೆ. ಬಂದವರು ಆ ದೀಪವನ್ನು ನೋಡಿ ಹೊಗಳುವುದಿಲ್ಲ, ಹೊಲಿಗೆಯನ್ನು ನೋಡಿ ಹೊಗಳುತ್ತಾರೆ. ದೀಪದ ಗೌರವ ಅಲ್ಲಿದೆ.

ಬೆಳಕು ಎಲ್ಲಿ ಬೀಳುತ್ತದೆ ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆ ಇದೆ. ಎಣ್ಣೆ ಯಾರದು? ಕ್ರಿ.ಶ. 717ರಿಂದ 720ರವರೆಗೆ ಖಲೀಫರಾಗಿದ್ದ ಉಮರ್ ಬಿನ್ ಅಬ್ದುಲ್ ಅಝೀಝ್‌ರ ಬಗ್ಗೆ ಹೇಳಲಾಗುವ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ರಾತ್ರಿ ರಾಜ್ಯದ ಕೆಲಸದಲ್ಲಿದ್ದಾಗ ಬಂದವರೊಬ್ಬರು ಖಾಸಗಿ ಕುಶಲ ವಿಚಾರಿಸತೊಡಗಿದರು. ಖಲೀಫರು ಕೂಡಲೇ ಆ ದೀಪವನ್ನು ಆರಿಸಿ ತಮ್ಮ ಸ್ವಂತದ ಪುಟ್ಟ ದೀಪ ತರಿಸಿದರು. ಮೊದಲಿನ ದೀಪದಲ್ಲಿ ಉರಿಯುತ್ತಿದ್ದುದು ಬೊಕ್ಕಸದ ಎಣ್ಣೆ. ಜನರ ಕೆಲಸಕ್ಕೆ ಅದು ಸಲ್ಲುತ್ತದೆ, ತಮ್ಮ ಮನೆಮಾತಿಗೆ ಸಲ್ಲುವುದಿಲ್ಲ ಎಂಬುದು ಅವರ ಲೆಕ್ಕ.

ಈ ಪ್ರಸಂಗವನ್ನು ನಾವು ಆಳುವವರಿಗೆ ಬುದ್ಧಿ ಹೇಳಲು ಬಳಸುತ್ತೇವೆ. ಆದರೆ ಇಂದು ಬೊಕ್ಕಸದ ಎಣ್ಣೆ ನಮ್ಮ ಮನೆಗಳಲ್ಲೂ ಉರಿಯುತ್ತಿದೆ. ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ‘ಗೃಹಜ್ಯೋತಿ’ ಯೋಜನೆಯಲ್ಲಿ ಮನೆಬಳಕೆಗೆ ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ, ಹಿಂದಿನ ಸರಾಸರಿ ಬಳಕೆಯ ಲೆಕ್ಕದಲ್ಲಿ, ವಿದ್ಯುತ್ ಉಚಿತ. ಬಡ ಕುಟುಂಬಕ್ಕೆ ಇದೊಂದು ದೊಡ್ಡ ಆಸರೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಹೆಸ್ಕಾಂ ಬಿಲ್ಲಿನಲ್ಲಿ ಸೊನ್ನೆ ಬಂದ ಮಾತ್ರಕ್ಕೆ ಆ ವಿದ್ಯುತ್ತಿಗೆ ಬೆಲೆ ಇಲ್ಲ ಎಂದಲ್ಲ. ಯಾರೋ ಕೊಡುತ್ತಿದ್ದಾರೆ. ಎಲ್‌ಇಡಿ ಬಂದ ಮೇಲೆ 60 ವ್ಯಾಟ್‌ನ ಹಳೆಯ ಬಲ್ಬಿನ ಕೆಲಸವನ್ನು 9 ವ್ಯಾಟ್‌ನ ಬಲ್ಬು ಮಾಡುತ್ತಿದೆ. ಉಳಿದ ವಿದ್ಯುತ್ತನ್ನು ನಾವೇನು ಮಾಡಿದೆವು? ಬಹಳಷ್ಟು ಸಲ ಇನ್ನೂ ಐದು ಬಲ್ಬು ಹಾಕಿಸಿದೆವು.

ಅದೇ ಹೊತ್ತಿನಲ್ಲಿ ಊರ ಹೊರಗೆ ಏನಾಗುತ್ತಿರುತ್ತದೆ? ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ವಿದ್ಯುತ್ತು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಂದರೆ ರೈತ ಸರಿರಾತ್ರಿಯಲ್ಲಿ ಬ್ಯಾಟರಿ ಹಿಡಿದು ಗೋವಿನಜೋಳದ ನಡುವೆ ನಡೆದು ಹೋಗಬೇಕು. ಹಾವಿನ ಭಯ, ಕೆಸರು, ಒದ್ದೆ ಕೈಯಲ್ಲಿ ಸ್ಟಾರ್ಟರು. ಅವನ ಹೆಜ್ಜೆಗೆ ಸಿಕ್ಕಿದ್ದು ಒಂದು ಮೊಳದಷ್ಟು ಬೆಳಕು. ನಮ್ಮ ಪಡಸಾಲೆಯ ದೀಪ ಆರಿಸಿದರೆ ಅವನ ಹೊಲಕ್ಕೆ ಹಗಲು ವಿದ್ಯುತ್ತು ಬಂದುಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ, ವಿದ್ಯುತ್ತಿನ ಲೆಕ್ಕ ಅಷ್ಟು ಸರಳವಲ್ಲ. ಆದರೆ ನಮ್ಮ ತಟ್ಟೆಗೆ ಅನ್ನ ತರುವವನು ಬೆಳಕಿಗಾಗಿ ಪರದಾಡುತ್ತಿರುವಾಗ, ಗೋಡೆಗೇ ಬೆಳಕು ಚೆಲ್ಲಿ ಅದನ್ನು ನೋಡುತ್ತ ಕೂರುವ ನಮ್ಮ ಮನಸ್ಸಿಗೆ ಒಂದು ಕ್ಷಣವಾದರೂ ಇರುಸುಮುರುಸು ಆಗಬೇಡವೇ?

ಮನೆಗಷ್ಟೇ ಈ ಪ್ರಶ್ನೆ ಸೀಮಿತವಲ್ಲ. ಮಸೀದಿಗಳನ್ನು ನವೀಕರಿಸುವಾಗ ತೂಗುದೀಪ ತರಿಸಲು ನಾವು ಪೈಪೋಟಿ ನಡೆಸುತ್ತೇವೆ. ಪಕ್ಕದೂರಿನ ಮಸೀದಿಯಲ್ಲಿ ಇಷ್ಟು ದೊಡ್ಡದಿದೆ, ನಮ್ಮದು ಅದಕ್ಕಿಂತ ದೊಡ್ಡದಿರಲಿ ಎಂದು ಚಂದಾ ಎತ್ತುತ್ತೇವೆ. ಅದೇ ಆವರಣದ ಮದ್ರಸಾದಲ್ಲಿ ಮಿಣುಕುವ ಟ್ಯೂಬಿನ ಕೆಳಗೆ ಮಕ್ಕಳು ಅಕ್ಷರ ಹುಡುಕುತ್ತಿರುತ್ತಾರೆ. ವುಝೂ ಮಾಡುವಲ್ಲಿ ಜಾರುವ ನೆಲ, ಮೇಲೆ ಕತ್ತಲೆ. ಮುದುಕರು ಗೋಡೆ ಹಿಡಿದು ನಡೆಯುತ್ತಾರೆ. ದೇವಾಲಯಗಳ ಜಾತ್ರೆ, ದರ್ಗಾಗಳ ಉರೂಸು, ಮದುವೆಯ ಚಪ್ಪರ ಯಾವುದೂ ಇದಕ್ಕೆ ಹೊರತಲ್ಲ. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಅರಸೊತ್ತಿಗೆಯ ಕಾಲದಲ್ಲಿ ಎಷ್ಟು ದೀವಟಿಗೆಗಳು ಮುಂದೆ ನಡೆಯುತ್ತವೆ ಎಂಬುದು ದೊಡ್ಡವರ ದೊಡ್ಡಸ್ತಿಕೆಯ ಅಳತೆಯಾಗಿತ್ತು. ಅರಸರು ಹೋದರು, ಆ ಅಳತೆಗೋಲು ನಮ್ಮೆಲ್ಲರ ಮನೆಗೆ ಬಂದು ಕುಳಿತಿದೆ.

ಶಿಗ್ಗಾಂವ ತಾಲೂಕಿನ ಶಿಶುವಿನಹಾಳದ ಸಂತ ಶರೀಫರು (1819-1889) ಸೋರುವ ಮಾಳಿಗೆಯನ್ನೇ ಮನುಷ್ಯನ ಒಳಮನೆಯ ರೂಪಕವಾಗಿಸಿದವರು. ಅವರ ಆ ಹಾಡಿನಲ್ಲಿ ಸೋರಿಕೆಗಿಂತ ದೊಡ್ಡ ಕಷ್ಟ ಕತ್ತಲೆ. ಮೇಲೇರಿ ಸರಿಪಡಿಸೋಣವೆಂದರೆ ದಾರಿ ಕಾಣದು. ಹೊರಮನೆಗೆ ಎಷ್ಟು ದೀಪ ಹಚ್ಚಿದರೂ ಆ ಕತ್ತಲೆ ತನ್ನಷ್ಟಕ್ಕೆ ಹೋಗುವುದಿಲ್ಲ ಎಂಬುದನ್ನು ಈ ಸೀಮೆಯ ಹಿಂದೂಗಳೂ ಮುಸ್ಲಿಮರೂ ಅವರ ಹಾಡಿನಿಂದಲೇ ಕಲಿತಿದ್ದಾರೆ. ತೋರಿಕೆಗೆ ನಮ್ಮ ಧರ್ಮಶಾಸ್ತ್ರದಲ್ಲಿ ‘ರಿಯಾ’ ಎಂಬ ಹೆಸರಿದೆ. ಅದು ಆರಾಧನೆಯನ್ನೇ ಕೆಡಿಸಬಲ್ಲದು ಎನ್ನುವಾಗ, ಒಂದು ಗೋಡೆ ದೀಪವನ್ನು ಕೆಡಿಸುವುದು ಅದಕ್ಕೆ ದೊಡ್ಡ ಮಾತಲ್ಲ.

ಹಾಗಾದರೆ ಆ ದೀಪವನ್ನು ಕೊಳ್ಳಬೇಕೇ, ಬೇಡವೇ? ಕೈಲಾದರೆ, ಸಾಲ ಮಾಡದೆ ಕೊಳ್ಳುವುದಾದರೆ, ಕೊಳ್ಳಬಹುದು. ಅದು ಒಳ್ಳೆಯ ವಸ್ತು, ಒಳ್ಳೆಯ ವಿಚಾರದಿಂದ ಹುಟ್ಟಿದ ವಸ್ತು. ಆದರೆ ಗೋಡೆಗೆ ಡ್ರಿಲ್ ಹಾಕುವ ಮೊದಲು ಮನೆಯವರೆಲ್ಲ ಕುಳಿತು ಕೆಲವು ಪ್ರಶ್ನೆ ಕೇಳಿಕೊಳ್ಳಲಿ. ಈ ಮನೆಯಲ್ಲಿ ಅತಿ ಹೆಚ್ಚು ಹೊತ್ತು ಕೆಲಸ ಮಾಡುವವರು ಯಾರು, ಅವರ ಕೈಗೆ ಬೆಳಕು ಸಾಕಷ್ಟಿದೆಯೇ? ರಾತ್ರಿ ಎದ್ದು ಬಚ್ಚಲಿಗೆ ಹೋಗುವ ಅಜ್ಜಿಗೆ ದಾರಿ ಕಾಣುತ್ತದೆಯೇ? ಹತ್ತನೇ ಇಯತ್ತೆಯ ಹುಡುಗಿ ಎಲ್ಲಿ ಕುಳಿತು ಓದುತ್ತಾಳೆ? ನಮ್ಮ ಹೊರಗಿನ ದೀಪ ಎದುರುಮನೆಯವರ ನಿದ್ದೆಯ ಮೇಲೆ ಬೀಳುತ್ತಿದೆಯೇ? ಮಲಗುವ ಮುನ್ನ ದೀಪಗಳನ್ನು ಆರಿಸಿ ಎಂದು ಪ್ರವಾದಿವರ್ಯರು(ಸ) ಕೊಟ್ಟ ಸೂಚನೆ ಬೆಂಕಿಯ ಅಪಾಯಕ್ಕೆ ಸಂಬಂಧಿಸಿದ್ದು, ನಿಜ. ಆದರೆ ಬೇಡವಾದಾಗ ಬೆಳಕನ್ನು ಆರಿಸುವುದೂ ಬೆಳಕಿನ ಮರ್ಯಾದೆಯೇ ಅಲ್ಲವೇ?

ಈ ಪ್ರಶ್ನೆಗಳಿಗೆಲ್ಲ ಉತ್ತರ ಸಿಕ್ಕ ಮೇಲೂ ಪಡಸಾಲೆಯ ಗೋಡೆಗೊಂದು ಚೆಂದದ ದೀಪ ಉಳಿದರೆ ಅದು ಸಂತೋಷದ ವಿಷಯ. ಇಲ್ಲವಾದರೆ ಅದೇ ದೀಪವನ್ನು ಅಡುಗೆಕಟ್ಟೆಯ ಮೇಲೆ ಬಿಗಿಯಬಹುದು. ಅದಕ್ಕೆ ಕೀಲುಗಳಿವೆ, ತಿರುಗಿಸಿದ ಕಡೆ ತಿರುಗುತ್ತದೆ. ಎಲ್ಲಿಗೆ ತಿರುಗಿಸಬೇಕೆಂಬ ತೀರ್ಮಾನ ಮಾತ್ರ ಮನೆಯವರದು.